ಪರಿಚಾರಿಕೆಯ ನಿಷ್ಠೆ ಯಾರಿಗೆ? ಪುಣೆ–ಮುಂಬಯಿ ಪ್ರಾಂತದಲ್ಲಿ ಶುಶ್ರೂಷಾಧರ್ಮದ ವಿಕಾಸ

೧

ಪುಣೆಯಿಂದ ಪೂರ್ವಾಭಿಮುಖವಾಗಿ ಹೊರಟ ಸೊಲ್ಲಾಪುರದ ಹೆದ್ದಾರಿಯು ಹಡಪಸರವನ್ನು ಹಾಯ್ದು, ಭೀಮೆಯ ಕೊಳ್ಳದ ಕಬ್ಬಿನ ಹೊಲಗಳ ನಡುವೆ ಸಾಗಿ, ದೌಂಡ ತಾಲೂಕಿನ ಕುರಕುಂಭವೆಂಬ ಗ್ರಾಮವನ್ನು ಮುಟ್ಟುತ್ತದೆ. ಫಿರಂಗಾಯಿ ದೇವಿಯ ಗುಡಿಯಿಂದ ಹೆಸರಾದ ಈ ಊರು ಈಗ ರಾಸಾಯನಿಕ ಹಾಗೂ ಔಷಧಿ ಕಾರ್ಖಾನೆಗಳ ಔದ್ಯೋಗಿಕ ವಸಾಹತಿನಿಂದಲೂ ಪರಿಚಿತವಾಗಿದೆ. ಇದೇ ದಾರಿ ಮುಂದೆ ಸೊಲ್ಲಾಪುರವನ್ನು ದಾಟಿ ಕನ್ನಡನಾಡನ್ನು ಸೇರುವುದರಿಂದ, ವಿಜಾಪುರ ಕಲಬುರ್ಗಿಗಳ ಕಡೆಯ ಜನ ಹೊಟ್ಟೆಪಾಡಿಗಾಗಿ ಪುಣೆ ಮುಂಬಯಿಗಳಿಗೆ ಬಂದ ಹಾದಿಯೂ ಇದೇ ಆಗಿದೆ.

೧೯೪೮ರ ಕಾರ್ಖಾನೆಗಳ ಕಾಯಿದೆಯು ಐದುನೂರಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ಉಪಚಾರದ ಕೋಣೆಯೊಂದನ್ನೂ ಅದಕ್ಕೆ ತಕ್ಕ ವೈದ್ಯಕೀಯ ಮತ್ತು ಶುಶ್ರೂಷಾ ಸಿಬ್ಬಂದಿಯನ್ನೂ ಇರಿಸಬೇಕೆಂದು ವಿಧಿಸಿತು. ಅಂಥ ಕೋಣೆಯಲ್ಲಿ ಕೆಲಸಮಾಡುವ ನರ್ಸಿನ ಸ್ಥಿತಿ ವಿಚಾರಾರ್ಹವಾದುದು. ಆಕೆಗೆ ಸಂಬಳ ಕೊಡುವವನು ಕಾರ್ಖಾನೆಯ ಮಾಲಿಕ. ಆಜ್ಞೆ ಕೊಡುವವರು ವೈದ್ಯರು. ಸುಟ್ಟ ಕೈಯನ್ನು ಮುಂದೆ ಚಾಚಿ ಕುಳಿತವನು ಕೂಲಿಯವ. ಗಾಯವನ್ನು ದಫ್ತರದಲ್ಲಿ ಚಿಕ್ಕದಾಗಿ ಬರೆದರೆ ಮಾಲಿಕನಿಗೆ ಅನುಕೂಲ, ಇದ್ದಂತೆ ಬರೆದರೆ ರೋಗಿಗೆ ನ್ಯಾಯ. ಇಂಥ ಪ್ರಸಂಗದಲ್ಲಿ ಪರಿಚಾರಿಕೆಯ ನಿಷ್ಠೆ ಯಾರಿಗೆ ಸಲ್ಲಬೇಕು?

ಈ ಪ್ರಶ್ನೆಗೆ ಶುಶ್ರೂಷಾವೃತ್ತಿಯು ಒಮ್ಮೆಲೆ ಉತ್ತರವನ್ನು ಕಂಡುಕೊಳ್ಳಲಿಲ್ಲ. ಆ ಉತ್ತರ ರೂಪುಗೊಂಡ ಬಗೆಯನ್ನು ತಿಳಿಯಲು ಪುಣೆ–ಮುಂಬಯಿ ಪ್ರಾಂತದ ಚರಿತ್ರೆಯಷ್ಟು ಉಪಯುಕ್ತವಾದ ಸಾಮಗ್ರಿ ಬೇರೆಡೆ ದೊರೆಯುವುದು ಕಷ್ಟ. ಆ ಚರಿತ್ರೆಯ ಎರಡು ಮುಖ್ಯ ಘಟ್ಟಗಳಲ್ಲಿ ಕನ್ನಡನಾಡಿನಲ್ಲಿ ಹುಟ್ಟಿದ ಇಬ್ಬರು ಸ್ತ್ರೀಯರು ನಿಂತಿರುವುದು ಹೊರನಾಡ ಕನ್ನಡಿಗರು ವಿಶೇಷವಾಗಿ ಗಮನಿಸತಕ್ಕ ಸಂಗತಿಯಾಗಿದೆ.

೨

ಭಾರತೀಯ ವೈದ್ಯಶಾಸ್ತ್ರವು ಪರಿಚಾರಕನನ್ನು ಅರಿಯದೆ ಇರಲಿಲ್ಲ. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ. ಪರಿಚಾರಕನಿಗೂ ಅದು ನಾಲ್ಕು ಗುಣಗಳನ್ನು ವಿಧಿಸುತ್ತದೆ: ಉಪಚಾರದ ಅರಿವು, ದಕ್ಷತೆ, ಒಡೆಯನಲ್ಲಿ ಅನುರಾಗ, ಶುಚಿತ್ವ. ಇವುಗಳಲ್ಲಿ ಮೂರನೆಯ ಗುಣ ಚಿಂತನೀಯವಾದುದು. ಅಂದಿನ ಶುಶ್ರೂಷೆ ನಡೆಯುತ್ತಿದ್ದುದು ಬಹುಮಟ್ಟಿಗೆ ಮನೆಯಲ್ಲಿ. ಅಲ್ಲಿ ರೋಗಿಯೇ ಒಡೆಯ. ಅನ್ನ ಕೊಡುವವನೂ ಆರೈಕೆ ಪಡೆಯುವವನೂ ಒಬ್ಬನೇ ಆಗಿದ್ದಾಗ ನಿಷ್ಠೆಯು ಎರಡಾಗಿ ಸೀಳುವ ಪ್ರಮೇಯವೇ ಇಲ್ಲ. ಆಧುನಿಕ ಆಸ್ಪತ್ರೆಯು ಈ ಇಬ್ಬರನ್ನು ಬೇರ್ಪಡಿಸಿತು. ಒಡೆಯನ ಸ್ಥಾನಕ್ಕೆ ಸರಕಾರ, ನಗರಪಾಲಿಕೆ, ಮಿಷನ್, ಕಂಪನಿಗಳು ಬಂದುವು. ರೋಗಿಯು ಹಾಸಿಗೆಯ ಅಂಕಿಯಾದನು. ಶುಶ್ರೂಷಾಧರ್ಮದ ಆಧುನಿಕ ಸಮಸ್ಯೆಯ ಮೂಲ ಇಲ್ಲಿದೆ.

ಇದರೊಂದಿಗೆ ನಮ್ಮ ಸಮಾಜದ ಮತ್ತೊಂದು ತೊಡಕೂ ಸೇರಿಕೊಂಡಿತು. ಮನೆಯ ಹಿರಿಯರ ಮಲಮೂತ್ರಗಳನ್ನು ಬಳಿಯುವುದು ಸೊಸೆಗೆ ಪುಣ್ಯವೆನಿಸಿದರೂ, ಅಪರಿಚಿತನಿಗೆ ಅದೇ ಕೆಲಸ ಮಾಡಿ ಸಂಬಳ ಪಡೆಯುವುದು ಹೀನವೆನಿಸಿತು. ರಾತ್ರಿಯ ಪಾಳಿ, ಪರಪುರುಷರ ಸ್ಪರ್ಶ, ಜಾತಿಯ ಮೈಲಿಗೆ ಈ ಮೂರೂ ಕೂಡಿ ಮೇಲುಜಾತಿಯ ಹೆಂಗಸರನ್ನು ಆಸ್ಪತ್ರೆಯಿಂದ ದೂರವಿರಿಸಿದುವು. ಪರಿಣಾಮವಾಗಿ, ಸ್ತ್ರೀಯರು ರೋಗಿಗಳಾಗಿ ಆಸ್ಪತ್ರೆಗೆ ಬರಲು ಅಂಜುತ್ತಿದ್ದ ದೇಶದಲ್ಲಿ ಅವರನ್ನು ಉಪಚರಿಸಲು ಸ್ತ್ರೀಯರೇ ಇಲ್ಲದಂತಾಯಿತು.

೩

ಈ ಅಭಾವವನ್ನು ಸ್ಪಷ್ಟವಾಗಿ ಎತ್ತಿ ಹೇಳಿದವರಲ್ಲಿ ಪಂಡಿತಾ ರಮಾಬಾಯಿಯವರು ಅಗ್ರಗಣ್ಯರು. ೧೮೫೮ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಜನಿಸಿದ ಇವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳದ ಕಡೆಯವರು. ೧೮೮೨ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಪುಣೆಯಲ್ಲಿ ಸಾಕ್ಷ್ಯ ನುಡಿದ ರಮಾಬಾಯಿಯವರು, ಸ್ತ್ರೀಯರಿಗೆ ಸ್ತ್ರೀವೈದ್ಯರೇ ಬೇಕೆಂದೂ ಆ ವಿದ್ಯೆಯನ್ನು ಹೆಂಗಸರಿಗೆ ಕಲಿಸಬೇಕೆಂದೂ ವಾದಿಸಿದರು. ಮೂರು ವರ್ಷಗಳ ನಂತರ, ೧೮೮೫ರಲ್ಲಿ, ಭಾರತದ ಸ್ತ್ರೀಯರ ವೈದ್ಯಕೀಯ ನೆರವಿಗಾಗಿ ಡಫರಿನ್ ನಿಧಿ ಸ್ಥಾಪಿತವಾಯಿತು. ರಮಾಬಾಯಿಯವರು ಸ್ವತಃ ವೈದ್ಯವಿದ್ಯೆ ಕಲಿಯಲು ೧೮೮೩ರಲ್ಲಿ ಇಂಗ್ಲೆಂಡಿಗೆ ಹೋದರಾದರೂ ಹೆಚ್ಚುತ್ತಿದ್ದ ಕಿವುಡುತನ ಆ ಆಸೆಗೆ ಅಡ್ಡವಾಯಿತು.

೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮರುವರ್ಷದ ಪ್ರಾರಂಭದಲ್ಲಿ ಪುಣೆಯನ್ನು ಹಿಡಿಯಿತು. ಸರಕಾರವು ಮನೆಗಳನ್ನು ಶೋಧಿಸಲು ಸೈನಿಕರನ್ನು ನಿಯೋಗಿಸಿತು. ರ‍್ಯಾಂಡ್ ಸಾಹೇಬನ ಕಾರ್ಯಾಚರಣೆಯ ಕಾಠಿಣ್ಯವೂ, ೧೮೯೭ರ ಜೂನ್ ೨೨ರಂದು ಚಾಪೇಕರ ಸೋದರರು ಅವನ ಮೇಲೆ ಗುಂಡು ಹಾರಿಸಿದುದೂ ರಾಜಕೀಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿವೆ. ಶುಶ್ರೂಷೆಯ ಚರಿತ್ರೆಗೆ ಮುಖ್ಯವಾದ ಸಂಗತಿ ಬೇರೊಂದಿದೆ. ಪ್ಲೇಗಿನ ಆಸ್ಪತ್ರೆಗಳಲ್ಲಿ ಸ್ತ್ರೀಯರ ರಕ್ಷಣೆ ಹೇಗೆ ನಡೆಯುತ್ತಿದೆಯೆಂದು ರಮಾಬಾಯಿಯವರು ಅದೇ ವರ್ಷ ಪತ್ರಿಕೆಯ ಮೂಲಕ ಬಹಿರಂಗವಾಗಿ ಪ್ರಶ್ನಿಸಿದರು. ರೋಗಿಯನ್ನು ಆಸ್ಪತ್ರೆಗೆ ಸಾಗಿಸಿದೊಡನೆ ಸರಕಾರದ ಹೊಣೆ ತೀರದು, ಅಲ್ಲಿ ಆಕೆಯ ಮಾನವೂ ಕಾಯಲ್ಪಡಬೇಕು ಎಂಬ ತತ್ತ್ವ ಆ ಪ್ರಶ್ನೆಯಲ್ಲಿ ಅಡಗಿತ್ತು.

ಅದೇ ಪಿಡುಗಿನಲ್ಲಿ ಸಾವಿತ್ರೀಬಾಯಿ ಫುಲೆಯವರು ಮಡಿದರು. ಅವರ ದತ್ತುಪುತ್ರ ವೈದ್ಯ ಯಶವಂತರಾಯರು ಪುಣೆಯ ಹೊರಗೆ, ಸೊಲ್ಲಾಪುರದ ದಾರಿಯ ಹಡಪಸರದ ಬಳಿ, ಪ್ಲೇಗಿನ ರೋಗಿಗಳಿಗಾಗಿ ಚಿಕಿತ್ಸಾಲಯವನ್ನು ನಡೆಸುತ್ತಿದ್ದರು. ಮುಂಢವೆಯಿಂದ ರೋಗಪೀಡಿತನಾದ ಬಾಲಕನೊಬ್ಬನನ್ನು ಅಲ್ಲಿಗೆ ಹೊತ್ತು ತಂದ ಸಾವಿತ್ರೀಬಾಯಿಯವರಿಗೆ ಸೋಂಕು ತಗಲಿ, ೧೮೯೭ರ ಮಾರ್ಚ್ ೧೦ರಂದು ಅವರು ತೀರಿಕೊಂಡರು. ಆಗ ಅವರಿಗೆ ಅರುವತ್ತಾರು ವರ್ಷ. ಅವರು ತರಬೇತಿ ಪಡೆದ ನರ್ಸ್ ಆಗಿರಲಿಲ್ಲ. ಸಂಬಳವಾಗಲಿ ಆಜ್ಞೆಯಾಗಲಿ ಅವರನ್ನು ಅಲ್ಲಿಗೆ ಕಳಿಸಿರಲಿಲ್ಲ. ತ್ಯಾಗವೇ ಶುಶ್ರೂಷೆಯ ಸರ್ವಸ್ವವೆಂದು ಹೇಳುವವರಿಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ. ಆದರೆ ತ್ಯಾಗವೊಂದನ್ನೇ ನಂಬಿ ಒಂದು ವೃತ್ತಿಯನ್ನು ನಿಲ್ಲಿಸಲಾಗದು ಎಂಬುದನ್ನೂ ಈ ಮರಣ ತೋರಿಸುತ್ತದೆ. ಸೋಂಕಿನಿಂದ ತನ್ನನ್ನು ಕಾಪಾಡಿಕೊಳ್ಳುವ ವಿಧಾನವೂ ಶುಶ್ರೂಷೆಯ ವಿದ್ಯೆಯ ಒಂದು ಅಂಗವೇ.

ರಮಾಬಾಯಿಯವರ ಮುಂದಿನ ಕಾರ್ಯಕ್ಷೇತ್ರವಾದ ಕೇಡಗಾಂವ ಕುರಕುಂಭವಿರುವ ದೌಂಡ ತಾಲೂಕಿನಲ್ಲಿಯೇ ಇದೆ. ೧೮೯೬–೯೭ ಮತ್ತು ೧೯೦೦ರ ಕ್ಷಾಮಗಳಲ್ಲಿ ಕಂಗೆಟ್ಟ ನೂರಾರು ಸ್ತ್ರೀಯರೂ ಮಕ್ಕಳೂ ಅಲ್ಲಿಯ ಮುಕ್ತಿ ಸದನದಲ್ಲಿ ಆಶ್ರಯ ಪಡೆದರು. ಕೇಡಗಾಂವದಿಂದ ದೌಂಡ ಸೊಲ್ಲಾಪುರಗಳ ಮೂಲಕ ಸಾಗುವ ರೈಲುಮಾರ್ಗದಲ್ಲಿ, ಆಗ ನಿಜಾಮನ ರಾಜ್ಯಕ್ಕೆ ಸೇರಿದ್ದ ಗುಲಬರ್ಗೆಯಲ್ಲಿಯೂ ಅವರ ಮಗಳು ಮನೋರಮಾಬಾಯಿಯವರು ವಿದ್ಯಾಸಂಸ್ಥೆಯೊಂದಕ್ಕೆ ಬುನಾದಿ ಹಾಕಿದರು. ಕನ್ನಡನಾಡಿನಿಂದ ಬಂದ ಚೈತನ್ಯವೊಂದು ಒಂದು ತಲೆಮಾರಿನ ನಂತರ ಅದೇ ನಾಡಿಗೆ ಮರಳಿದಂತಾಯಿತು.

೪

ಆಶ್ರಯಧಾಮದ ಸೇವೆಯನ್ನು ವೃತ್ತಿಯಾಗಿ ಮಾರ್ಪಡಿಸುವ ಕಾರ್ಯವನ್ನು ಇನ್ನೊಬ್ಬ ರಮಾಬಾಯಿಯವರು ಮಾಡಿದರು. ನ್ಯಾಯಮೂರ್ತಿ ರಾನಡೆಯವರ ವಿಧವೆ ರಮಾಬಾಯಿ ರಾನಡೆಯವರೂ ಗೋಪಾಲ ಕೃಷ್ಣ ದೇವಧರರೂ ೧೯೦೯ರಲ್ಲಿ ಸ್ಥಾಪಿಸಿದ ಪುಣೆಯ ಸೇವಾಸದನವು ಸ್ತ್ರೀಯರನ್ನು ಸಸೂನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯಲು ಕಳುಹಿಸಿತು. ಅವರಲ್ಲಿ ವಿಧವೆಯರೂ ಇದ್ದರು. ಮನೆಯ ಮೂಲೆಯಲ್ಲಿ ಅಪಶಕುನವೆನಿಸಿಕೊಂಡು ಕುಳಿತಿದ್ದವಳು ರೋಗಿಯ ತಲೆದೆಸೆಯಲ್ಲಿ ಶುಭವಾಗಿ ನಿಂತಳು. ಅವರ ವಸತಿಗೆ ವಿದ್ಯಾರ್ಥಿನಿಲಯವನ್ನು ಏರ್ಪಡಿಸಿದುದು ಸಣ್ಣ ಸಂಗತಿಯಲ್ಲ. ರಾತ್ರಿಯ ಪಾಳಿಗೆ ಹೋಗುವ ಹೆಂಗಸಿಗೆ ಭದ್ರವಾದ ನೆಲೆಯಿರಬೇಕು. ಅದಿಲ್ಲದೆ ಉಪದೇಶದಿಂದ ಏನೂ ಆಗದೆಂಬುದನ್ನು ಸಂಸ್ಥಾಪಕರು ಅರಿತಿದ್ದರು.

ಇದೇ ಕಾಲದಲ್ಲಿ ವೃತ್ತಿಯ ಸಂಘಟನೆಯೂ ನಡೆಯಿತು. ಭಾರತದ ತರಬೇತಾದ ನರ್ಸುಗಳ ಸಂಘವು ೧೯೦೮ರಲ್ಲಿ ಹುಟ್ಟಿತು. ಸ್ವಾತಂತ್ರ್ಯ ಬಂದ ವರ್ಷವೇ, ೧೯೪೭ರಲ್ಲಿ, ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ ಅಂಗೀಕೃತವಾಯಿತು. ಅದರ ಹಿಂದಿನ ವರ್ಷ ವರದಿ ಸಲ್ಲಿಸಿದ ಭೋರ್ ಸಮಿತಿಯ ಲೆಕ್ಕದಂತೆ ಅವಿಭಕ್ತ ಭಾರತದಲ್ಲಿ ಸುಮಾರು ೭,೦೦೦ ನರ್ಸುಗಳಿದ್ದರು. ಅಂದರೆ ೪೩,೦೦೦ ಜನರಿಗೆ ಒಬ್ಬ ನರ್ಸ್. ಈ ಅಂಕಿಯನ್ನು ನೀತಿಯ ವಿಚಾರದಿಂದ ಬೇರ್ಪಡಿಸಲಾಗದು. ಒಬ್ಬಳೇ ನರ್ಸ್ ನೂರು ಹಾಸಿಗೆಗಳ ನಡುವೆ ಓಡುತ್ತಿರುವಲ್ಲಿ, ಪ್ರತಿಯೊಬ್ಬ ರೋಗಿಯನ್ನೂ ವ್ಯಕ್ತಿಯೆಂದು ಕಾಣಬೇಕೆಂಬ ಆದರ್ಶವು ಪುಸ್ತಕದಲ್ಲಿ ಮಾತ್ರ ಉಳಿಯುತ್ತದೆ.

೫

ವೃತ್ತಿಯು ಬೆಳೆದಂತೆ ಅದರ ಪ್ರತಿಜ್ಞೆಯೂ ಬದಲಾಯಿತು. ಫ್ಲಾರೆನ್ಸ್ ನೈಟಿಂಗೇಲಳ ಹೆಸರಿನಿಂದ ಪ್ರಸಿದ್ಧವಾದ ಪ್ರತಿಜ್ಞೆಯನ್ನು ರಚಿಸಿದವಳು ಆಕೆಯಲ್ಲ. ಅದು ೧೮೯೩ರಲ್ಲಿ ಅಮೆರಿಕದ ಡೆಟ್ರಾಯಿಟಿನಲ್ಲಿ ಲಿಸ್ಟ್ರಾ ಗ್ರೆಟರ್ ಎಂಬುವರ ನೇತೃತ್ವದಲ್ಲಿ ಸಿದ್ಧವಾಯಿತು. ಭಾರತದ ನರ್ಸಿಂಗ್ ಶಾಲೆಗಳಲ್ಲಿ ದೀಪ ಬೆಳಗುವ ಸಮಾರಂಭದಂದು ವಿದ್ಯಾರ್ಥಿನಿಯರು ಇಂಥ ಪ್ರತಿಜ್ಞೆಯನ್ನು ನುಡಿಯುವ ವಾಡಿಕೆ ಇದೆ. ಅದರ ಮೂಲಪಾಠದಲ್ಲಿ ರೋಗಿಯ ಕ್ಷೇಮದ ಮಾತಿನ ಜೊತೆಗೆ ವೈದ್ಯನ ಕಾರ್ಯದಲ್ಲಿ ನಿಷ್ಠೆಯಿಂದ ನೆರವಾಗುವ ಮಾತೂ ಇತ್ತು. ಅಂತಾರಾಷ್ಟ್ರೀಯ ನರ್ಸುಗಳ ಪರಿಷತ್ತು ೧೯೫೩ರಲ್ಲಿ ಅಂಗೀಕರಿಸಿದ ಮೊದಲ ನೀತಿಸಂಹಿತೆಯು ಕೂಡ, ವೈದ್ಯನ ಆಜ್ಞೆಗಳನ್ನು ವಿವೇಕದಿಂದಲೂ ನಿಷ್ಠೆಯಿಂದಲೂ ನೆರವೇರಿಸುವುದನ್ನು ನರ್ಸಿನ ಕರ್ತವ್ಯವೆಂದು ಪರಿಗಣಿಸಿತ್ತು. ಅನೀತಿಯ ಕಾರ್ಯದಲ್ಲಿ ಭಾಗಿಯಾಗದಿರುವ ಅಧಿಕಾರವನ್ನು ಮಾತ್ರ ಆಕೆಗೆ ಉಳಿಸಿತ್ತು.

ಇಪ್ಪತ್ತು ವರ್ಷಗಳ ತರುವಾಯ, ೧೯೭೩ರಲ್ಲಿ, ಈ ಸಂಹಿತೆಯು ಮೂಲಭೂತವಾಗಿ ತಿದ್ದಲ್ಪಟ್ಟಿತು. ಆರೋಗ್ಯವನ್ನು ವರ್ಧಿಸುವುದು, ರೋಗವನ್ನು ತಡೆಯುವುದು, ಆರೋಗ್ಯವನ್ನು ಮರಳಿಸುವುದು, ಸಂಕಟವನ್ನು ಶಮನಗೊಳಿಸುವುದು ಎಂದು ಹೊಣೆಗಳನ್ನು ನಾಲ್ಕಾಗಿ ವಿಂಗಡಿಸಿ, ನರ್ಸಿನ ಮೊದಲ ಹೊಣೆಯು ಶುಶ್ರೂಷೆಯ ಅಗತ್ಯವುಳ್ಳ ಜನರಿಗೇ ಸಲ್ಲುವುದೆಂದು ಅದು ಸಾರಿತು. ಸಹೋದ್ಯೋಗಿಯಿಂದಾಗಲಿ ಮತ್ತಾರಿಂದಾಗಲಿ ರೋಗಿಯ ಶುಶ್ರೂಷೆಗೆ ಅಪಾಯ ಬಂದರೆ ಆತನ ರಕ್ಷಣೆಗೆ ನಿಲ್ಲುವುದು ಆಕೆಯ ಕರ್ತವ್ಯವೆಂದೂ ಹೇಳಿತು. ಚರಕನ ಕಾಲದಲ್ಲಿ ಒಂದಾಗಿದ್ದು ಆಸ್ಪತ್ರೆಯ ಯುಗದಲ್ಲಿ ಸೀಳಿಹೋದ ನಿಷ್ಠೆಯು ಹೀಗೆ, ಕಾಗದದ ಮೇಲಾದರೂ, ಮತ್ತೆ ರೋಗಿಯ ಕಡೆಗೆ ತಿರುಗಿತು. ಆ ತತ್ತ್ವವು ನಡೆಯಲ್ಲಿ ಪರೀಕ್ಷೆಗೆ ಒಳಗಾದುದು ಮುಂಬಯಿಯ ಪರೇಲಿನಲ್ಲಿ. ಆ ಪರೀಕ್ಷೆ ಪ್ರಾರಂಭವಾದುದೂ ಅದೇ ವರ್ಷದಲ್ಲಿ.

೬

ಅರುಣಾ ರಾಮಚಂದ್ರ ಶಾನಭಾಗರು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲೂಕಿನ ಹಳದೀಪುರದವರು, ಜನನ ೧೯೪೮. ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಆ ಜಿಲ್ಲೆ ಮುಂಬಯಿ ರಾಜ್ಯಕ್ಕೇ ಸೇರಿತ್ತು. ಆಡಳಿತದ ನಂಟು ಕಡಿದ ಮೇಲೂ ಉದ್ಯೋಗದ ನಂಟು ಕಡಿಯಲಿಲ್ಲ. ಕರಾವಳಿಯಿಂದ ಮುಂಬಯಿಗೆ ಬಂದ ಅನೇಕರಂತೆ ಅರುಣಾ ಅವರೂ ಬಂದು, ೧೯೨೬ರಲ್ಲಿ ಸ್ಥಾಪಿತವಾದ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆದರು. ಅಲ್ಲಿಯ ವೈದ್ಯರೊಬ್ಬರೊಡನೆ ಅವರ ವಿವಾಹ ನಿಶ್ಚಯವಾಗಿತ್ತು.

೧೯೭೩ರ ನವೆಂಬರ್ ೨೭ರ ಸಂಜೆ, ಕೆಲಸ ಮುಗಿಸಿ ಬಟ್ಟೆ ಬದಲಾಯಿಸಲು ಆಸ್ಪತ್ರೆಯ ನೆಲಮಾಳಿಗೆಗೆ ಹೋದಾಗ, ಅಲ್ಲಿಯ ಸಿಬ್ಬಂದಿಯವನೇ ಒಬ್ಬನು ನಾಯಿಯ ಸರಪಳಿಯನ್ನು ಕುತ್ತಿಗೆಗೆ ಬಿಗಿದು ಅವರ ಮೇಲೆ ಅತ್ಯಾಚಾರವೆಸಗಿದನು. ಮರುದಿನ ಬೆಳಿಗ್ಗೆ ಕಸಗುಡಿಸುವವರ ಕಣ್ಣಿಗೆ ಬೀಳುವ ಹೊತ್ತಿಗೆ, ಪ್ರಾಣವಾಯುವಿಲ್ಲದೆ ಅವರ ಮಿದುಳು ಸರಿಪಡಿಸಲಾಗದಷ್ಟು ಘಾಸಿಗೊಂಡಿತ್ತು. ಅಪರಾಧಿಗೆ ಕೊಲೆಯ ಯತ್ನ ಮತ್ತು ದರೋಡೆಗಾಗಿ ಏಳು ವರ್ಷಗಳ ಶಿಕ್ಷೆಯಾಯಿತು. ಅತ್ಯಾಚಾರದ ಆರೋಪವನ್ನು ಹೊರಿಸಲೇ ಇಲ್ಲ.

ಮುಂಬಯಿಯ ನರ್ಸುಗಳು ಮುಷ್ಕರ ಹೂಡಿದರು. ಅರುಣಾ ಅವರಿಗೆ ತಕ್ಕ ಆರೈಕೆ ಸಿಗಬೇಕೆಂಬುದರೊಡನೆ, ಕೆಲಸದ ಸ್ಥಳದಲ್ಲಿ ತಮಗೆ ಭದ್ರತೆ ಬೇಕೆಂಬುದೂ ಅವರ ಬೇಡಿಕೆಯಾಗಿತ್ತು. ಸೇವೆಯೆಂದರೆ ಮೌನವೆಂದು ತಿಳಿದವರಿಗೆ ಇದು ಅಪಚಾರವಾಗಿ ಕಂಡಿರಬಹುದು. ಆದರೆ ಹಗಲಿರುಳು ಪರರ ದೇಹವನ್ನು ಕಾಯುವವಳ ದೇಹವನ್ನು ಕಾಯುವವರಾರು ಎಂಬ ಪ್ರಶ್ನೆಯನ್ನು ಆಕೆಯಲ್ಲದೆ ಮತ್ತಾರೂ ಎತ್ತುವಂತಿರಲಿಲ್ಲ.

ಆ ಬಳಿಕ ನಡೆದುದು ವೈದ್ಯಕೀಯ ಚರಿತ್ರೆಯಲ್ಲಿಯೇ ವಿರಳವಾದ ಸಂಗತಿ. ನಾಲ್ವತ್ತೆರಡು ವರ್ಷಗಳ ಕಾಲ ಅದೇ ಆಸ್ಪತ್ರೆಯ ನರ್ಸುಗಳು ಅರುಣಾ ಅವರಿಗೆ ಉಣಿಸಿದರು, ಮೀಯಿಸಿದರು, ಮಗ್ಗುಲು ಬದಲಾಯಿಸಿದರು. ದಶಕಗಟ್ಟಲೆ ಹಾಸಿಗೆ ಹಿಡಿದಿದ್ದರೂ ಅವರ ಮೈಯಲ್ಲಿ ಹಾಸಿಗೆಹುಣ್ಣು ಆಗದಿದ್ದುದನ್ನು ಸರ್ವೋಚ್ಚ ನ್ಯಾಯಾಲಯವೇ ಎತ್ತಿ ಹೇಳಿದೆ. ಶುಶ್ರೂಷೆಯ ಕೆಲಸವನ್ನು ಬಲ್ಲವರಿಗೆ ಈ ಒಂದು ಮಾತಿನ ಅರ್ಥ ಸಾಕಷ್ಟು ತಿಳಿಯುತ್ತದೆ: ಎರಡೆರಡು ಗಂಟೆಗೆ ಮೈ ತಿರುಗಿಸುವುದು, ಒದ್ದೆಯನ್ನು ಒಡನೆ ಒರೆಸುವುದು, ಎಲುಬು ಒತ್ತುವ ತಾಣಗಳನ್ನು ನಿತ್ಯ ಪರೀಕ್ಷಿಸುವುದು, ಇದನ್ನು ಒಂದು ದಿನವೂ ತಪ್ಪದೆ ನಡೆಸುವುದು. ೧೯೮೦ರ ದಶಕದಲ್ಲಿ ಮುಂಬಯಿ ನಗರಪಾಲಿಕೆಯು ಅವರನ್ನು ಆಸ್ಪತ್ರೆಯಿಂದ ಬೇರೆಡೆಗೆ ಸಾಗಿಸಲು ಹೊರಟಾಗ ನರ್ಸುಗಳು ಪ್ರತಿಭಟಿಸಿ ಆ ಯೋಜನೆಯನ್ನು ನಿಲ್ಲಿಸಿದರು. ಇಲ್ಲಿ ಒಡೆಯ ಒಂದು ಕಡೆಗಿದ್ದನು, ರೋಗಿ ಇನ್ನೊಂದು ಕಡೆಗಿದ್ದಳು. ಪರಿಚಾರಿಕೆಯರು ರೋಗಿಯ ಕಡೆಗೆ ನಿಂತರು.

೭

೨೦೦೯ರಲ್ಲಿ ಲೇಖಕಿ ಪಿಂಕಿ ವಿರಾಣಿಯವರು ಸರ್ವೋಚ್ಚ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸಿ, ಅರುಣಾ ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಿ ಶಾಂತವಾಗಿ ಸಾಯಲು ಬಿಡಬೇಕೆಂದು ಪ್ರಾರ್ಥಿಸಿದರು. ಇದರ ಹಿಂದೆ ಕ್ರೌರ್ಯವಿರಲಿಲ್ಲ. ೧೯೯೮ರಲ್ಲಿಯೇ ಅರುಣಾ ಅವರ ಕಥೆಯನ್ನು ಗ್ರಂಥರೂಪದಲ್ಲಿ ಜನರ ಮುಂದಿಟ್ಟವರು ಅವರೇ. ಚೇತರಿಕೆಯ ಆಸೆಯಿಲ್ಲದ ಬದುಕನ್ನು ಎಳೆಯುವುದು ಕರುಣೆಯೇ ಎಂಬ ಅವರ ಪ್ರಶ್ನೆಯಲ್ಲಿ ತಥ್ಯವಿತ್ತು. ನರ್ಸುಗಳ ಉತ್ತರವೂ ಸರಳವಾಗಿತ್ತು: ಈಕೆ ನಮ್ಮವಳು, ನೋಡಿಕೊಳ್ಳುವೆವು. ಗಮನಿಸಬೇಕಾದ ಮಾತೆಂದರೆ, ಆ ವೇಳೆಗೆ ಅರುಣಾ ಅವರ ಜೊತೆಯವರು ಬಹುತೇಕ ನಿವೃತ್ತರಾಗಿದ್ದರು. ಅವರ ನಗುವನ್ನಾಗಲಿ ಮಾತನ್ನಾಗಲಿ ಎಂದೂ ಕಂಡು ಕೇಳದ, ೧೯೭೩ರಲ್ಲಿ ಇನ್ನೂ ಹುಟ್ಟಿರದ ಹುಡುಗಿಯರು ಆ ಹೊಣೆಯನ್ನು ಹಿರಿಯರಿಂದ ಪಡೆದು ನಡೆಸುತ್ತಿದ್ದರು. ಆದುದರಿಂದ ಇದನ್ನು ಕೇವಲ ಸ್ನೇಹದ ಋಣವೆಂದು ಹೇಳಲಾಗದು. ವ್ಯಕ್ತಿಸ್ನೇಹವಾಗಿ ಪ್ರಾರಂಭವಾದುದು ವೃತ್ತಿಧರ್ಮವಾಗಿ ನೆಲೆಗೊಂಡಿತ್ತು.

ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನಸುಧಾ ಮಿಶ್ರ ಅವರ ಪೀಠವು ಮೂವರು ವೈದ್ಯರಿಂದ ಪರೀಕ್ಷೆ ಮಾಡಿಸಿ, ೨೦೧೧ರ ಮಾರ್ಚ್ ೭ರಂದು ಅರ್ಜಿಯನ್ನು ತಳ್ಳಿಹಾಕಿತು. ಅದೇ ತೀರ್ಪು, ಉಚ್ಚ ನ್ಯಾಯಾಲಯದ ಅನುಮತಿಯ ಮೇರೆಗೆ ಜೀವಾಧಾರವನ್ನು ಹಿಂತೆಗೆಯುವ ನಿಷ್ಕ್ರಿಯ ದಯಾಮರಣಕ್ಕೆ ಭಾರತದಲ್ಲಿ ಮೊದಲ ಬಾರಿಗೆ ದಾರಿ ತೆರೆಯಿತು. ಶುಶ್ರೂಷೆಯ ದೃಷ್ಟಿಯಿಂದ ಇದರಲ್ಲಿ ಅತ್ಯಂತ ಮಹತ್ತ್ವದ ಅಂಶವೆಂದರೆ, ರೋಗಿಯ ಪರವಾಗಿ ಮಾತನಾಡುವ ಅಧಿಕಾರ ಯಾರದೆಂಬ ನಿರ್ಣಯ. ನ್ಯಾಯಾಲಯವು ಆ ಸ್ಥಾನವನ್ನು ಅರ್ಜಿದಾರರಿಗೆ ಕೊಡದೆ, ವರ್ಷಗಟ್ಟಲೆ ಉಪಚರಿಸಿದ ಆಸ್ಪತ್ರೆಯ ಸಿಬ್ಬಂದಿಗೆ ಕೊಟ್ಟಿತು. ಮುಂದೆ ಅವರೇ ಮನಸ್ಸು ಬದಲಾಯಿಸಿದರೆ ಉಚ್ಚ ನ್ಯಾಯಾಲಯಕ್ಕೆ ಹೋಗಬಹುದೆಂದಿತು. ಆಜ್ಞೆಯನ್ನು ಪಾಲಿಸುವವಳೆಂದು ೧೮೯೩ರಲ್ಲಿ ಪ್ರತಿಜ್ಞೆ ಮಾಡಿದವಳ ಮಾತಿಗೆ ದೇಶದ ಅತ್ಯುನ್ನತ ನ್ಯಾಯಪೀಠದ ಮುಂದೆ ತೂಕ ಬಂದಿತು.

ಈ ನಿರ್ಣಯಕ್ಕೆ ಎದುರುವಾದಗಳಿಲ್ಲವೆಂದಲ್ಲ. ಉಪಚರಿಸಿದವರ ಪ್ರೀತಿಯು ರೋಗಿಯ ಇಚ್ಛೆಗೆ ಪ್ರಮಾಣವಾಗಲಾರದು. ಆರೈಕೆ ಮಾಡುವವರಿಗೆ ಆರೈಕೆಯೇ ಒಂದು ಆಧಾರವಾಗಿ, ಬಿಡಲು ಮನಸ್ಸೊಪ್ಪದೆ ಇರುವುದೂ ಉಂಟು. ಅರುಣಾ ಅವರ ಮನಸ್ಸಿನಲ್ಲಿ ಏನಿತ್ತೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಈ ಕೊರತೆಯನ್ನು ತುಂಬಲೆಂದೇ, ೨೦೧೮ರ ಮಾರ್ಚ್ ೯ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಮನುಷ್ಯನು ಅರಿವಿರುವಾಗಲೇ ತನ್ನ ಕೊನೆಗಾಲದ ಚಿಕಿತ್ಸೆಯ ಬಗ್ಗೆ ಬರೆದಿಡುವ ಮುಂಗಡ ಇಚ್ಛಾಪತ್ರಕ್ಕೆ ಮಾನ್ಯತೆ ನೀಡಿತು. ೨೦೨೩ರಲ್ಲಿ ಅದರ ವಿಧಾನವನ್ನು ಸುಲಭಗೊಳಿಸಲಾಯಿತು. ಇಚ್ಛೆಯು ತಿಳಿದಿರುವಲ್ಲಿ ಅದನ್ನು ನಡೆಸುವುದು, ತಿಳಿಯದಿರುವಲ್ಲಿ ದೇಹವನ್ನು ಗೌರವದಿಂದ ಕಾಯುವುದು, ಇವೆರಡೂ ರೋಗಿಯ ಮೇಲಿನ ಒಂದೇ ನಿಷ್ಠೆಯ ಎರಡು ಮುಖಗಳು.

ಅರುಣಾ ಅವರು ೨೦೧೫ರ ಮೇ ೧೮ರಂದು ನ್ಯುಮೋನಿಯಾದಿಂದ ತೀರಿಕೊಂಡರು.

೮

ಈ ದೀರ್ಘ ಚರಿತ್ರೆಯಿಂದ ಕುರಕುಂಭದಂಥ ಕೈಗಾರಿಕಾ ಗ್ರಾಮಕ್ಕೆ ದೊರೆಯುವ ಬೋಧೆ ಸ್ಪಷ್ಟವಾಗಿದೆ. ೧೯೪೮ರ ಕಾಯಿದೆಯು ಉದ್ಯೋಗಜನ್ಯ ರೋಗವನ್ನು ಕಂಡ ವೈದ್ಯನು ಕಾರ್ಖಾನೆಗಳ ಮುಖ್ಯ ತನಿಖಾಧಿಕಾರಿಗೆ ತಿಳಿಸಬೇಕೆಂದು ವಿಧಿಸಿತ್ತು; ನರ್ಸಿನ ಹೆಸರನ್ನು ಅದು ಅಲ್ಲಿ ಎತ್ತಲಿಲ್ಲ. ಆದರೆ ಕೆಮ್ಮನ್ನು ಮೊದಲು ಕೇಳುವವಳು, ಚರ್ಮದ ಬಿಳಿಚನ್ನು ಮೊದಲು ಕಾಣುವವಳು ಹಲವು ಸಲ ಆಕೆಯೇ. ಕಾಯಿದೆ ಹೇಳದೆ ಬಿಟ್ಟುದನ್ನು ವೃತ್ತಿಧರ್ಮವು ಹೇಳಬೇಕು: ಸಂಬಳ ಯಾರದೇ ಆಗಿರಲಿ, ದಫ್ತರದಲ್ಲಿ ಗಾಯವು ಇದ್ದಷ್ಟೇ ದೊಡ್ಡದಾಗಿ ಬರೆಯಲ್ಪಡಬೇಕು; ರೋಗಿಯ ಗುಟ್ಟು ಮಾಲಿಕನ ಮೇಜಿಗೆ ಹೋಗಬಾರದು.

ಇಂಥ ನಿಷ್ಠೆಯನ್ನು ಬಯಸುವ ಸಮಾಜವು ಪ್ರತಿಯಾಗಿ ಕೊಡಬೇಕಾದುದೂ ಇದೆ. ೨೦೨೪ರ ಆಗಸ್ಟಿನಲ್ಲಿ ಕೋಲ್ಕತ್ತದ ಆಸ್ಪತ್ರೆಯೊಂದರಲ್ಲಿ ತರುಣ ವೈದ್ಯೆಯೊಬ್ಬಳ ಮೇಲೆ ಅತ್ಯಾಚಾರ ಮತ್ತು ಕೊಲೆ ನಡೆದಾಗ, ಸರ್ವೋಚ್ಚ ನ್ಯಾಯಾಲಯವು ಅರುಣಾ ಅವರ ಹೆಸರನ್ನು ಮತ್ತೆ ಸ್ಮರಿಸಬೇಕಾಯಿತು. ಐವತ್ತು ವರ್ಷಗಳ ನಂತರವೂ ಬಟ್ಟೆ ಬದಲಾಯಿಸಲು ಸುರಕ್ಷಿತವಾದ ಕೋಣೆ, ರಾತ್ರಿಯ ಪಾಳಿಗೆ ಬೆಳಕು, ವಾರ್ಡಿಗೆ ಸಾಕಷ್ಟು ಕೈಗಳು ಎಂಬ ಹಳೆಯ ಬೇಡಿಕೆಗಳು ಪೂರ್ಣವಾಗಿ ಈಡೇರಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ರಮಾಬಾಯಿ ರಾನಡೆಯವರ ಸೇವಾಸದನವು ವಿದ್ಯೆಯ ಜೊತೆಗೆ ವಿದ್ಯಾರ್ಥಿನಿಲಯವನ್ನೂ ಕಟ್ಟಿದುದು ಇದನ್ನು ಅರಿತೇ. ಪರಿಚಾರಿಕೆಯ ನಿಷ್ಠೆ ರೋಗಿಗೆ ಸಲ್ಲತಕ್ಕುದು. ಆ ಪರಿಚಾರಿಕೆಗೆ ಸಮಾಜದ ನಿಷ್ಠೆಯೂ ಸಲ್ಲತಕ್ಕುದು. ಮೊದಲನೆಯ ಋಣವನ್ನು ಪರೇಲಿನ ನರ್ಸುಗಳು ನಾಲ್ವತ್ತೆರಡು ವರ್ಷ ತೀರಿಸಿದರು; ಎರಡನೆಯದು ಇನ್ನೂ ಬಾಕಿಯಿದೆ.